ಕಾಗದದ ಖರ್ಚು ಯಾರ ಹೆಗಲಿಗೆ?

ವರದಕ್ಷಿಣೆಯ ಲೆಕ್ಕ ಬರೆಯುವಾಗ ನಾವು ಚಿನ್ನ, ನಗದು, ಬೈಕು ಎಂದು ಬರೆಯುತ್ತೇವೆ. ಮದುವೆಯೊಂದಿಗೆ ಹೆಣ್ಣಿನ ಕೈತಪ್ಪುವ ಇನ್ನೊಂದು ಆಸ್ತಿಯನ್ನು ಯಾರೂ ಬರೆಯುವುದಿಲ್ಲ. ಅದು ಅವಳ ಕಾಗದಪತ್ರ. ಶಾಲೆಯ ವರ್ಗಾವಣೆ ಪತ್ರ ತವರಿನ ಪೆಟ್ಟಿಗೆಯಲ್ಲಿ, ಆಧಾರ್ ಗಂಡನ ಜೇಬಿನಲ್ಲಿ, ಪಡಿತರ ಚೀಟಿ ಅತ್ತೆಯ ಹೆಸರಿನಲ್ಲಿ. ಹೊಡೆತ ತಾಳಲಾರದೆ ರಾತ್ರೋರಾತ್ರಿ ಹೊರಬಿದ್ದವಳು ಮಕ್ಕಳನ್ನು ಎತ್ತಿಕೊಂಡು ಬರುತ್ತಾಳೆಯೇ ಹೊರತು ಕಾಗದದ ಕಟ್ಟನ್ನಲ್ಲ. ಮರುದಿನದಿಂದ ಪ್ರತಿ ಕಚೇರಿಯಲ್ಲೂ ಅವಳಿಗೆ ಒಂದೇ ಪ್ರಶ್ನೆ: ನೀನು ಯಾರು ಎನ್ನುವುದಕ್ಕೆ ಏನಿದೆ?

ಈ ಪ್ರಶ್ನೆ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಅಸ್ಸಾಂ ತೋರಿಸಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಅಲ್ಲಿನ ಪೌರತ್ವ ನೋಂದಣಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಶಾಲೆಯ ಮುಖ ಕಾಣದೆ, ಚಿಕ್ಕ ವಯಸ್ಸಿಗೇ ಮದುವೆಯಾಗಿ ಬೇರೆ ಊರು ಸೇರಿದ ಎಷ್ಟೋ ಹೆಂಗಸರಿಗೆ, ತಾನು ಇಂಥವರ ಮಗಳು ಎಂದು ತೋರಿಸಲು ಪಂಚಾಯತಿ ಕಾರ್ಯದರ್ಶಿಯ ಪತ್ರವೊಂದೇ ಆಸರೆಯಾಗಿತ್ತು. ಅದನ್ನೂ 2017ರಲ್ಲಿ ಗೌಹಾಟಿ ಹೈಕೋರ್ಟು ತಳ್ಳಿಹಾಕಿತು. ಪರಿಶೀಲನೆ ಮಾಡಿ ಅದನ್ನು ಒಪ್ಪಬಹುದೆಂದು ಸುಪ್ರೀಂ ಕೋರ್ಟು ಅದೇ ವರ್ಷದ ಡಿಸೆಂಬರಿನಲ್ಲಿ ಹೇಳಬೇಕಾಯಿತು.

ನಮ್ಮ ಕಾಫಿ ಸೀಮೆಯ ಲೈನುಮನೆಗಳಲ್ಲಿ ಇಂದು ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಆ ಹೆಂಗಸರ ಪಾಡು ಅವರಿಗೆ ಎಂದು ನಾವು ಸುಮ್ಮನಿರುವಂತಿಲ್ಲ. ಪೌರತ್ವ ಕಾಯ್ದೆ ನಮ್ಮೆಲ್ಲರ ಮಕ್ಕಳನ್ನೂ ತಂದೆತಾಯಿಗೆ ಕಟ್ಟಿದೆ. 1987ರ ಜುಲೈ 1ಕ್ಕೆ ಮೊದಲಾದರೆ ಈ ನೆಲದಲ್ಲಿ ಹುಟ್ಟಿದ್ದರೆ ಸಾಕಿತ್ತು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ, ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಲ್ಲ ಎಂದೂ ಇರಬೇಕು. ತಾಯಿಯ ಬಳಿ ಏನೂ ಇಲ್ಲದಿದ್ದರೆ ನಾಳೆ ಮಗುವೂ ಉತ್ತರ ಹೇಳಬೇಕಾದೀತು.

ಹಾಗಾದರೆ ಕಾಗದ ಮಾಡಿಸಿಕೊಳ್ಳಿ ಎನ್ನುವುದು ಸುಲಭ. ದುಡ್ಡು ಎಲ್ಲಿಂದ? ಇಲ್ಲಿ ಶುಲ್ಕ ಬೇರೆ, ಖರ್ಚು ಬೇರೆ. ಜನನ ನೋಂದಣಿಯಾದ ಮೇಲೆ ಕೊಡುವ ಮೊದಲ ಪ್ರಮಾಣಪತ್ರಕ್ಕೆ ಶುಲ್ಕವಿಲ್ಲ. ಹೊಸದಾಗಿ ಆಧಾರ್ ಮಾಡಿಸಲು, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆದರೆ ನೋಂದಣಿಯಾಗದೆ ಒಂದು ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕಾಗಿ ಪಂಚಾಯತಿ, ನಾಡಕಚೇರಿ, ತಾಲ್ಲೂಕು ಕಚೇರಿ ಎಂದು ಅಲೆಯಬೇಕು. ಅರ್ಜಿ ಬರೆಯುವವನಿಗೆ, ನೋಟರಿಗೆ, ಕೊನೆಗೆ 'ನಾನು ಮಾಡಿಸಿಕೊಡುತ್ತೇನೆ' ಎನ್ನುವ ದಲ್ಲಾಳಿಗೆ ಕೊಡಬೇಕು. ಹೋದ ದಿನದ ಕೂಲಿ ಬಟವಾಡೆಯಲ್ಲಿ ಕಡಿತ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ. ಖಾಸಗಿ ಬಸ್ಸೇ ಗತಿಯಾದ ದಾರಿಯಲ್ಲಿ ಅದು ಸಿಗದು. ಕರ್ನಾಟಕದ ಗುರುತಿನ ಚೀಟಿ ಇಲ್ಲದವಳಿಗೂ ಸಿಗದು. ಕಾಗದ ಮಾಡಿಸಲು ಹೋಗುವುದಕ್ಕೂ ಕಾಗದ ಬೇಕು!

ಇಷ್ಟು ಖರ್ಚಿಗೆ ಕೈಯೊಡ್ಡಬೇಕಾದದ್ದು ಯಾರ ಮುಂದೆ? ಗಂಡನ ಮುಂದೆಯೇ. ಅವಳ ಕೈಗೆ ಕಾಗದ ಬಂದರೆ ತನ್ನ ಹಿಡಿತ ಸಡಿಲವಾಗುತ್ತದೆ ಎಂದು ಬಲ್ಲ ಗಂಡ ದುಡ್ಡು ಬಿಚ್ಚುವುದಿಲ್ಲ. ಇದೂ ದೌರ್ಜನ್ಯವೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಸ್ತ್ರೀಧನವನ್ನೂ ಅವಳಿಗೆ ಸೇರಬೇಕಾದ ಇತರ ಸ್ವತ್ತನ್ನೂ ಹಿಂದಿರುಗಿಸುವಂತೆ ಆದೇಶಿಸಲು 19ನೇ ಕಲಮಿನಲ್ಲಿ ಅವಕಾಶವಿದೆ. ಅರ್ಜಿ ಬರೆಸುವಾಗ ಒಡವೆಯ ಪಟ್ಟಿಯ ಕೆಳಗೆ ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರ ಎಂದೂ ಬರೆಸಬೇಕು. ಕಾಯ್ದೆಯಡಿ ಕೊಡುವ ಆದೇಶದ ಪ್ರತಿ ಉಚಿತ.

ವಕೀಲರ ಫೀಜಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ, ಮೊಕದ್ದಮೆ ಹೂಡುವ ಅಥವಾ ಎದುರಿಸುವ ಹೆಂಗಸಿಗೆ, ಅವಳ ವರಮಾನ ಎಷ್ಟೇ ಇರಲಿ, ಉಚಿತ ನೆರವು ಸಿಗಬೇಕು. ವಕೀಲರು ಮಾತ್ರವಲ್ಲ, ಕೋರ್ಟು ಶುಲ್ಕವೂ ಅದರಲ್ಲಿ ಸೇರಿದೆ. ಇದು ದಾನವಲ್ಲ, ಹಕ್ಕು. ಇದಕ್ಕೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನೋ ಚಿಕ್ಕಮಗಳೂರಿನ ಜಿಲ್ಲಾ ಪ್ರಾಧಿಕಾರವನ್ನೋ ಕಾಣಬಹುದು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಉಳಿದದ್ದು ಬಸ್ಸು, ಕೂಲಿ, ಅರ್ಜಿಯ ಖರ್ಚು. ಅದನ್ನು ನಮ್ಮ ಸಂಘಗಳು ಹೊರಬೇಕೆಂದು ನನ್ನ ವಾದ. ಸಂಘದ ಹಣ ಹಸು, ಕೋಳಿ, ಹೊಲಿಗೆ ಯಂತ್ರಕ್ಕೆ. ಕಾಗದದಿಂದ ಆದಾಯ ಬಾರದು ಎಂಬ ಆಕ್ಷೇಪಣೆ ಬರುತ್ತದೆ. ಗುರುತಿನ ಪತ್ರವಿಲ್ಲದವಳಿಗೆ ಬ್ಯಾಂಕು ಖಾತೆ ತೆರೆಯುತ್ತದೆಯೇ? ಸಾಲ ಕೊಡುತ್ತದೆಯೇ? ಹಸುವಿಗಿಂತ ಮೊದಲು ಬೇಕಾದದ್ದು ಕಾಗದ. ಉಳಿತಾಯದ ಒಂದು ಸಣ್ಣ ಪಾಲನ್ನು ಬಡ್ಡಿಯಿಲ್ಲದ 'ಕಾಗದ ಸಾಲ'ಕ್ಕೆ ತೆಗೆದಿಡುವುದಾಗಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಕಾಫಿ ಕುಯ್ಲು ಮುಗಿದ ಮೇಲೆ ಅವಳು ಕಂತಿನಲ್ಲಿ ತೀರಿಸಲಿ. ಕಚೇರಿಗೆ ಒಬ್ಬಳನ್ನೇ ಕಳಿಸಬೇಡಿ, ಇಬ್ಬರು ಜೊತೆಗೆ ಹೋಗಿ. ಕೊಟ್ಟ ದುಡ್ಡಿಗೆಲ್ಲ ರಶೀದಿ ಕೇಳಿ. ರಶೀದಿ ಕೊಡಲಾರದವನಿಗೆ ದುಡ್ಡು ಕೊಡಬೇಡಿ. ಲೈನಿನಲ್ಲಿರುವ ಬೇರೆ ಭಾಷೆಯ ಹೆಂಗಸನ್ನೂ ಸಭೆಗೆ ಕರೆಯಿರಿ.

ಸರ್ಕಾರದ ಮುಂದೆಯೂ ನಮ್ಮ ಬೇಡಿಕೆ ಇರಲಿ: ಬಟವಾಡೆಯ ಮರುದಿನ, ತೋಟದ ಬಳಿಯೇ ಎಲ್ಲ ಕಾಗದಗಳ ಶಿಬಿರ ನಡೆಯಲಿ. ಆ ದಿನ ಬರುವವರೆಗೆ ಕಾಯುವುದು ಬೇಡ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದೊಡನೆ ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಎಷ್ಟು ಜನರ ಕಾಗದ ಅವರವರ ಕೈಯಲ್ಲೇ ಇದೆ?