ಎಣ್ಣೆಯ ಪಂಪಿಗೆ ಬೆಲ್ಟು ಸಲ್ಲದು

ಮೋಟಾರು ಕಾರಿನಲ್ಲಿ ಸಾಗುವವರು ಅದರ ವೇಗವನ್ನು ಕೊಂಡಾಡುವರಲ್ಲದೆ, ಎಂಜಿನ್ನನ್ನು ಕಾಯುವ ಎರಡು ಪುಟ್ಟ ಪಂಪುಗಳನ್ನು ನೆನೆಯುವುದು ವಿರಳ. ಒಂದು, ಎಂಜಿನ್ನಿನ ಕಾವನ್ನು ರೇಡಿಯೇಟರಿಗೆ ಒಯ್ಯಲು ನೀರನ್ನು ಹರಿಸುವಂಥದು; ಇನ್ನೊಂದು, ಉಜ್ಜಾಡುವ ಲೋಹಭಾಗಗಳ ನಡುವೆ ಕೀಲೆಣ್ಣೆಯನ್ನು ಒತ್ತಿ ಕಳುಹಿಸುವಂಥದು. ಇವೆರಡನ್ನೂ ಸಾಮಾನ್ಯವಾಗಿ ಎಂಜಿನ್ನಿನ ಬಲವೇ ತಿರುಗಿಸಬೇಕು. ಆ ಬಲವನ್ನು ಮುಟ್ಟಿಸುವ ಮಾರ್ಗ ಯಾವುದೆಂಬಲ್ಲಿಯೇ ಯಂತ್ರಶಿಲ್ಪಿಯ ವಿವೇಕ ಪರೀಕ್ಷೆಗೊಳಗಾಗುತ್ತದೆ.

2014ರವರೆಗೆ ಭಾರತದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇದಕ್ಕೆ ನಿದರ್ಶನ. ಅದರ ನೀರಿನ ಪಂಪನ್ನು ರಬ್ಬರಿನ ಫ್ಯಾನ್ ಬೆಲ್ಟು ತಿರುಗಿಸುತ್ತಿತ್ತು. ಎಣ್ಣೆಯ ಪಂಪಾದರೋ ಎಂಜಿನ್ನಿನ ಒಡಲೊಳಗೆ, ಕ್ಯಾಮ್ ಶಾಫ್ಟಿನ ಹಲ್ಲುಗಳಿಂದ ಚಲನೆ ಪಡೆಯುತ್ತಿತ್ತು. ಈ ಭೇದ ನಿಷ್ಕಾರಣವಾದುದಲ್ಲ. ಅದೇ ಬೆಲ್ಟು ಡೈನಮೊವನ್ನೂ ತಿರುಗಿಸುತ್ತಿದ್ದುದರಿಂದ, ಅದು ಹರಿದರೆ ದೀಪ ಹೊತ್ತಿ ಚಾಲಕನನ್ನು ಎಚ್ಚರಿಸುತ್ತಿತ್ತು; ಗಾಡಿ ನಿಲ್ಲಿಸಿ ಹೊಸ ಬೆಲ್ಟು ತೊಡಿಸಲು ಅವಕಾಶವಿರುತ್ತಿತ್ತು. ಎಣ್ಣೆಯ ಒತ್ತಡ ಕುಸಿದರೆ ಅಂಥ ಬಿಡುವಿಲ್ಲ. ಬೇರಿಂಗುಗಳು ಅಲ್ಪಕಾಲದಲ್ಲಿಯೇ ಕಾದು ಹಿಡಿದುಕೊಂಡು ಎಂಜಿನ್ನೇ ಹಾಳಾಗುವುದು.

ಈಚಿನ ಕೆಲವು ಎಂಜಿನ್ನುಗಳಲ್ಲಿ ಈ ತಾರತಮ್ಯವನ್ನು ಮರೆಯಲಾಗಿದೆ. ಘರ್ಷಣೆಯೂ ಸದ್ದೂ ತಗ್ಗಲೆಂದು ಎಣ್ಣೆಯ ಪಂಪನ್ನು ಸಹ, ಎಣ್ಣೆಯಲ್ಲಿಯೇ ತೊಯ್ದು ಓಡುವ ಹಲ್ಲಿನ ಬೆಲ್ಟಿಗೆ ಒಪ್ಪಿಸಲಾಯಿತು. ಫಲವೇನಾಯಿತು? 2023ರ ಡಿಸೆಂಬರಿನಲ್ಲಿ ಫೋರ್ಡ್ ಸಂಸ್ಥೆಯು ಅಮೆರಿಕದಲ್ಲಿ 1.0 ಲೀಟರ್ ಎಂಜಿನ್ನಿನ ಸುಮಾರು 1,39,000 ಇಕೋಸ್ಪೋರ್ಟ್ ಹಾಗೂ ಫೋಕಸ್ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಬೆಲ್ಟಿನ ಹಲ್ಲುಗಳು ಉದುರಬಹುದು, ಅದನ್ನು ಬಿಗಿಯಾಗಿರಿಸುವ ತೋಳು ಮುರಿಯಬಹುದು, ಆಗ ಎಣ್ಣೆಯ ಒತ್ತಡ ತಪ್ಪಿ ಓಟದ ನಡುವೆಯೇ ಎಂಜಿನ್ ನಿಲ್ಲಬಹುದು ಎಂಬುದೇ ಅದಕ್ಕೆ ಕಾರಣ.

ಹೊಸತೆಲ್ಲವೂ ತ್ಯಾಜ್ಯವೆಂದು ಇದರ ಅರ್ಥವಲ್ಲ. 2009ರ ಟೊಯೋಟಾ ಪ್ರಿಯಸ್ ಕಾರಿನಲ್ಲಿ ನೀರಿನ ಪಂಪು ಬೆಲ್ಟನ್ನು ತೊರೆದು ವಿದ್ಯುತ್ ಮೋಟಾರಿನಿಂದ ತಿರುಗತೊಡಗಿದುದು ಸ್ವಾಗತಾರ್ಹವೇ. ಎಂಜಿನ್ ತಣ್ಣಗಿರುವಾಗ ನೀರನ್ನು ವೃಥಾ ಹರಿಸುವುದು ಅದರಿಂದ ತಪ್ಪುತ್ತದೆ. ಆದರೆ ಕ್ಷಣದ ಲೋಪವನ್ನೂ ಸಹಿಸದ ಎಣ್ಣೆಯ ಪಂಪಿಗೆ ಹಲ್ಲುಚಕ್ರವೋ ಉಕ್ಕಿನ ಸರಪಳಿಯೋ ಇರುವುದೇ ಲೇಸು. ಸರಪಳಿಯೂ ಸವೆಯುವುದುಂಟು; ಆದರೆ ಸಾಮಾನ್ಯವಾಗಿ ಅದು ಸದ್ದುಮಾಡಿ ತನ್ನ ಅವಸ್ಥೆಯನ್ನು ಸಾರುತ್ತದೆ.

ಕಾರುಳ್ಳವರು ಎಣ್ಣೆಯ ಕೆಂಪು ದೀಪ ಹೊತ್ತಿದೊಡನೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸುವುದು ಅವಶ್ಯ. ವಿಜ್ಞಾನದ ಉಪಾಧ್ಯಾಯರು ಯಂತ್ರಪಾಠದಲ್ಲಿ ‘ಇದು ಹೇಗೆ ತಿರುಗುತ್ತದೆ’ ಎಂದು ಕೇಳಿ ಬಿಡದೆ, ‘ಇದು ನಿಂತರೆ ಏನಾಗುತ್ತದೆ’ ಎಂದೂ ಕೇಳಬೇಕು. ಆ ಎರಡನೆಯ ಪ್ರಶ್ನೆಯನ್ನು ಬಾಲ್ಯದಲ್ಲಿಯೇ ಅಭ್ಯಾಸ ಮಾಡಿದವನು ಮುಂದೆ ಯಂತ್ರಶಿಲ್ಪಿಯಾದಾಗ, ಅಲ್ಪ ಉಳಿತಾಯಕ್ಕಾಗಿ ಮೂಲವನ್ನೇ ಪಣಕ್ಕೊಡ್ಡಲಾರನು.