ರಾಡಾರ್ ನಮ್ಮ ನೆಲದ್ದು, ಮಾತು ಯಾರದ್ದು?

ಕನ್ನಡದ ಯುವಕ ಯುವತಿಯರೇ,

ಚುಂಚನಕಟ್ಟೆಗೆ ಹೋಗಿದ್ದೀರಾ? ಕೆ.ಆರ್. ನಗರದ ಹತ್ತಿರದ ಊರು. ಕಾವೇರಿ ಅಲ್ಲಿ ಕವಲೊಡೆದು, ಬಂಡೆಗಳಿಂದ ಧುಮುಕಿ, ಮತ್ತೆ ಒಂದಾಗುತ್ತಾಳೆ. ದಡದಲ್ಲಿ ಕೋದಂಡರಾಮನ ಗುಡಿ. ಗುಡಿಯ ಸುತ್ತೆಲ್ಲ ನೀರಿನ ಭೋರ್ಗರೆತ ಕೇಳುತ್ತದೆ, ಗರ್ಭಗುಡಿಯೊಳಗೆ ಮಾತ್ರ ಕೇಳುವುದಿಲ್ಲ ಎನ್ನುತ್ತಾರೆ ಆ ಸೀಮೆಯ ಜನ. ಅದು ರಾಮನ ಮಹಿಮೆಯೋ ಕಲ್ಲುಗೋಡೆಯ ಮಹಿಮೆಯೋ, ಇರಲಿ. ನಮ್ಮ ಪ್ರಶ್ನೆ ಬೇರೆ. ಅದೇ ನೀರು ಕೃಷ್ಣರಾಜಸಾಗರ ಸೇರಿ, ಮುಂದೆ ತೊರೆಕಾಡನಹಳ್ಳಿಯ ಪಂಪುಗಳಿಂದ ಮೇಲೇರಿ, 1974ರಿಂದ ಬೆಂಗಳೂರಿನ ನಲ್ಲಿಗಳಿಗೆ ಬರುತ್ತಿದೆ. ಆ ಬೆಂಗಳೂರಿನಲ್ಲಿ ವಿಜ್ಞಾನದ ದೊಡ್ಡ ದೊಡ್ಡ ಗರ್ಭಗುಡಿಗಳಿವೆ. ಕಾವೇರಿಯ ನೀರು ಅವುಗಳೊಳಗೆ ಹೋಗುತ್ತದೆ. ಕಾವೇರಿ ಸೀಮೆಯ ಮಾತು ಯಾಕೆ ಹೋಗುವುದಿಲ್ಲ?

ಒಂದೇ ಉದಾಹರಣೆ ಸಾಕು: ರಾಡಾರ್. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಇರುವುದು ಜಾಲಹಳ್ಳಿಯಲ್ಲಿ. ರಾಡಾರ್‌ಗಳನ್ನು ರೂಪಿಸುವ ಎಲ್‌ಆರ್‌ಡಿಇ ಪ್ರಯೋಗಾಲಯ ಇರುವುದು ಸಿ.ವಿ. ರಾಮನ್ ನಗರದಲ್ಲಿ. ಆಕಾಶ್ ಕ್ಷಿಪಣಿಗೆ ಗುರಿ ತೋರಿಸುವ 'ರಾಜೇಂದ್ರ' ಅಲ್ಲಿಯ ಕೂಸು. ವಿಮಾನದ ಬೆನ್ನ ಮೇಲೆ ಕೂತು ದೂರದ ಶತ್ರುವನ್ನು ಕಾಣುವ 'ನೇತ್ರ'ವನ್ನು ಕಟ್ಟಿ, 2017ರಲ್ಲಿ ವಾಯುಪಡೆಗೆ ಒಪ್ಪಿಸಿದ್ದೂ ಬೆಂಗಳೂರಿನ ಸಂಸ್ಥೆಯೇ. ಎರಡರ ಜೀವಾಳವೂ ಒಂದೇ, ಫೇಸ್ಡ್ ಅರೇ ಆಂಟೆನಾ. ದೇಶದ ಕಣ್ಣು ತಯಾರಾಗುವುದು ಕನ್ನಡದ ನೆಲದಲ್ಲಿ. ಆ ಕಣ್ಣು ಹೇಗೆ ನೋಡುತ್ತದೆ ಎಂದು ಕನ್ನಡದಲ್ಲಿ ಕೇಳಿನೋಡಿ. 'ಅದನ್ನೆಲ್ಲ ಕನ್ನಡದಲ್ಲಿ ಹೇಳೋಕಾಗಲ್ಲ ಕಣ್ರೀ' ಎನ್ನುತ್ತಾರೆ, ಅದೂ ಕನ್ನಡಿಗರೇ!

ಆಗಲ್ಲವೇ? ಇಲ್ಲಿ ಹೇಳುತ್ತೇವೆ, ಕೇಳಿ.

ನಿಮ್ಮೂರ ಕೆರೆಯ ಮೆಟ್ಟಿಲ ಮೇಲೆ ಐದು ಜನ ಗೆಳೆಯರು ಸಾಲಾಗಿ ನಿಲ್ಲಿ. ಎಲ್ಲರೂ ಒಂದೇ ಸಲಕ್ಕೆ ನೀರಿಗೆ ಕಲ್ಲು ಬಿಡಿ. ಐದು ಅಲೆಗಳೂ ಕೂಡಿಕೊಂಡು ನೇರ ಮುಂದಕ್ಕೆ ಸಾಗುತ್ತವೆ. ಈಗ ಎಡಗಡೆಯವನು ಮೊದಲು ಬಿಡಲಿ, ಚಿಟಿಕೆ ಹೊಡೆಯುವಷ್ಟರಲ್ಲಿ ಪಕ್ಕದವನು, ಆಮೇಲೆ ಮೂರನೆಯವನು, ಹೀಗೆ. ಕೂಡಿದ ಅಲೆ ಬಲಕ್ಕೆ, ಕೊನೆಗೆ ಕಲ್ಲು ಬಿಟ್ಟವನ ಕಡೆಗೆ ವಾಲಿಕೊಂಡು ಹೊರಡುತ್ತದೆ. ಯಾರೂ ನಿಂತ ಜಾಗ ಬಿಡಲಿಲ್ಲ. ಬದಲಾದದ್ದು ಹೊತ್ತು ಮಾತ್ರ, ತಿರುಗಿದ್ದು ದಿಕ್ಕು!

ಇಷ್ಟೇ ಗುಟ್ಟು. ಕಲ್ಲಿನ ಬದಲು ಸಾಲು ಸಾಲು ಪುಟ್ಟ ಆಂಟೆನಾಗಳು. ರಾಜೇಂದ್ರದಲ್ಲಿ ಅಂಥವು ಸುಮಾರು 4000. ನೀರಿನ ಬದಲು ರೇಡಿಯೋ ಅಲೆ. ಪ್ರತಿ ಆಂಟೆನಾದ ಅಲೆಯನ್ನು ಕೊಂಚ ಕೊಂಚ ಹಿಂದುಮುಂದು ಮಾಡಿದರೆ ಕಿರಣ ಬೇಕಾದ ಕಡೆ ತಿರುಗುತ್ತದೆ. ಗುರಿಗೆ ಬಡಿದು ಬಂದ ಮಾರ್ದನಿಯನ್ನೂ ಹೀಗೆಯೇ ಹೊಂದಿಸಿ ಕೂಡಿಸುತ್ತಾರೆ. ಹಳೆಯ ರಾಡಾರ್ ತಟ್ಟೆ ಗಾಣದೆತ್ತಿನಂತೆ ಸುತ್ತಬೇಕು, ಒಂದು ಸುತ್ತಿಗೆ ಎಷ್ಟೋ ಸೆಕೆಂಡು. ಇಲ್ಲಿ ಕತ್ತು ತಿರುಗಿಸುವ ಕೆಲಸವೇ ಇಲ್ಲ. ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಕಿರಣ ಇನ್ನೊಂದು ದಿಕ್ಕಿಗೆ ನೆಗೆಯುತ್ತದೆ. ಹಾಗಾಗಿಯೇ ಒಂದೇ ರಾಡಾರ್ ಹತ್ತಾರು ವಿಮಾನಗಳ ಬೆನ್ನು ಹತ್ತಬಲ್ಲದು. ಆಂಟೆನಾಗಳ ನಡುವಿನ ಅಂತರ ಅಲೆಯ ಅರ್ಧ ಉದ್ದದಷ್ಟಿರಬೇಕು. ಅಲೆ 3 ಸೆಂಟಿಮೀಟರಿದ್ದರೆ ಒಂದೂವರೆ ಸೆಂಟಿಮೀಟರು. ತೀರ ದೂರ ಇಟ್ಟರೆ ಬೇಡದ ದಿಕ್ಕಿಗೂ ಕಳ್ಳಕಿರಣ ಹೊರಡುತ್ತದೆ.

ಅರ್ಥವಾಗಲಿಲ್ಲವೇ? ಯಾವ ಮಾತು ಸಾಲದೆ ಹೋಯಿತು? 'ಫೇಸ್' ಎಂಬುದಕ್ಕೆ ಪಠ್ಯಪುಸ್ತಕದವರು 'ಪ್ರಾವಸ್ಥೆ' ಎಂದು ಹುಡುಗರನ್ನು ಹೆದರಿಸಿಟ್ಟಿದ್ದಾರೆ. 'ಹೆಜ್ಜೆ' ಅನ್ನಿ! ಕಂಸಾಳೆಯವರು ಹೆಜ್ಜೆ ಹೊಂದಿಸುವುದನ್ನು ನೋಡಿದ ಮೈಸೂರು ಸೀಮೆಯ ಮಗುವಿಗೂ ತಿಳಿಯುತ್ತದೆ. ಹೆಜ್ಜೆ ಹೊಂದಿಸಿದ ಆಂಟೆನಾ ಸಾಲು. ಮುಗಿಯಿತು.

'ಇದು ರಕ್ಷಣಾ ರಹಸ್ಯ' ಎಂದು ಕೆಲವರು ಗದರಿಸಬಹುದು. ರಹಸ್ಯ ಇರುವುದು ಒಳಗಿನ ಸರ್ಕಿಟ್ಟಿನಲ್ಲಿ. ತತ್ವ ಹಳೆಯದು: ಜರ್ಮನಿಯ ಬ್ರೌನ್ ಮೂರು ಆಂಟೆನಾ ನೆಟ್ಟು 1905ರಲ್ಲೇ ತೋರಿಸಿದ್ದ. ನಮ್ಮ ಗೌರಿಬಿದನೂರಿನ ಬಯಲಲ್ಲಿ 1976ರಲ್ಲಿ ಇದೇ ತತ್ವದ ಮೇಲೆ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕ ಕಟ್ಟಿದರು. ಅದು ರಾಡಾರಿನ ಹಾಗೆ ಕೂಗುವುದಿಲ್ಲ, ಆಕಾಶ ಆಡಿದ್ದನ್ನು ಕೇಳಿಸಿಕೊಳ್ಳುತ್ತದೆ. ಅದರಲ್ಲಿ ಯಾವ ರಹಸ್ಯವಿತ್ತು? ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನೇ ಬರೆದರು. ಕನ್ನಡಕ್ಕೆ ಶಕ್ತಿ ಇಲ್ಲ ಎನ್ನುವವರಿಗೆ ಇಲ್ಲದಿರುವುದು ಮನಸ್ಸು!

ಇನ್ನು ಹೊಟ್ಟೆಪಾಡಿನ ಮಾತು. 1986ರಲ್ಲಿ ಅಂತಿಮ ವರದಿ ಕೊಟ್ಟ ಸರೋಜಿನಿ ಮಹಿಷಿ ಸಮಿತಿ, ಇಲ್ಲಿಯ ಕೇಂದ್ರ ಉದ್ದಿಮೆಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೆ ಸಿಗಬೇಕು ಎಂದಿತು. ಆ ವರದಿಗೆ ಗೆದ್ದಲು ಹಿಡಿಸಿದವರು ಯಾರು? 2022ರಲ್ಲಿ ಡಿಆರ್‌ಡಿಒ ತಂತ್ರಜ್ಞ ಹುದ್ದೆಗಳಿಗೆ ಪರೀಕ್ಷೆ ಕರೆಯಿತು. ಪ್ರಶ್ನೆಪತ್ರಿಕೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಬಿಹಾರದ ಹುಡುಗ ತನ್ನ ಶಾಲೆಯ ಮಾತಿನಲ್ಲಿ ಬರೆಯಬಹುದು. ಅವನ ಮೇಲೆ ನಮಗೆ ಹಗೆಯಿಲ್ಲ. ಕೆ.ಆರ್. ನಗರದಲ್ಲಿ ಕನ್ನಡದಲ್ಲೇ ಓದಿ ಐಟಿಐ ಮುಗಿಸಿದ ಹುಡುಗಿಗೆ ಅದೇ ಹಕ್ಕು ಏಕಿಲ್ಲ? ಬೆಸುಗೆ ಹಾಕುವ ಕೈಗೆ ಹಿಂದಿ ಯಾಕೆ ಬೇಕು? ಆಗುವುದಿಲ್ಲ ಎನ್ನಬೇಡಿ. 2021ರಿಂದ ಜೆಇಇ ಮೇನ್ ಕನ್ನಡದಲ್ಲಿದೆ. 2023ರಲ್ಲಿ ಕೇಂದ್ರದ ಸಿಬ್ಬಂದಿ ನೇಮಕ ಆಯೋಗವೇ ತನ್ನ ಎಂಟಿಎಸ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಿಗೆ ತೆರೆಯಿತು. ಅಲ್ಲಿ ಆದದ್ದು ಇಲ್ಲಿ ಯಾಕಾಗದು?

ಗೆಳೆಯರೇ, ನಮ್ಮ ತಪ್ಪೂ ಇದೆ. ನಾಮಫಲಕಕ್ಕೆ ಮಸಿ ಬಳಿಯಲು ನೂರು ಜನ ಬರುತ್ತಾರೆ, ಒಂದು ವಿಜ್ಞಾನದ ಲೇಖನ ಬರೆದುಕೊಡಿ ಎಂದರೆ ಒಬ್ಬರೂ ಇಲ್ಲ. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಚಂದಾ ಎತ್ತುತ್ತೇವೆ, ಕನ್ನಡದ ವಿಜ್ಞಾನ ಪುಸ್ತಕ ಅಂಗಡಿಯಲ್ಲಿ ದೂಳು ತಿನ್ನುತ್ತದೆ. ಇಂಗ್ಲಿಷ್ ಕಲಿಯಿರಿ, ಬೇಡ ಎಂದವರಾರು? ಆದರೆ ಮೊದಲು ತಿಳಿಯುವುದು ತಾಯ್ನುಡಿಯಲ್ಲಿ ಆಗಲಿ.

ಆದ್ದರಿಂದ ನಮ್ಮ ಹಕ್ಕೊತ್ತಾಯ ಮೂರೇ. ಒಂದು, ರಕ್ಷಣಾ ಸಂಶೋಧನೆಯ ತಂತ್ರಜ್ಞ ಹುದ್ದೆಗಳ ಪರೀಕ್ಷೆ ಕನ್ನಡದಲ್ಲೂ ನಡೆಯಲಿ. ಎರಡು, ಬೆಂಗಳೂರಿನ ಪ್ರಯೋಗಾಲಯಗಳು ಹೊರಗೆ ಹೇಳಬಹುದಾದ ತಮ್ಮ ಕೆಲಸವನ್ನು ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ ಅಚ್ಚುಹಾಕಲಿ. ಮೂರನೆಯದು ನಿಮಗೇ: ಎಲೆಕ್ಟ್ರಾನಿಕ್ಸ್ ಓದುತ್ತಿರುವ ಪ್ರತಿಯೊಬ್ಬರೂ ತಮ್ಮ ಓದಿನ ಒಂದು ಪಾಠವನ್ನು ಹುಟ್ಟೂರಿನ ಶಾಲೆಯಲ್ಲಿ ಕನ್ನಡದಲ್ಲಿ ಹೇಳಿ ಬನ್ನಿ. ಈ ಸಂಕ್ರಾಂತಿಗೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದಾಗ ಹತ್ತು ಹುಡುಗರನ್ನು ಕೆರೆಯ ಬಳಿ ಕರೆದೊಯ್ಯಿರಿ, ಕಲ್ಲು ಕೊಡಿ, ಅಲೆ ತೋರಿಸಿ.

ಒಬ್ಬೊಬ್ಬರೇ ಕಲ್ಲೆಸೆದರೆ ಅಲೆ ಚದುರುತ್ತದೆ. ಹೆಜ್ಜೆ ಹೊಂದಿಸಿ ಎಸೆದರೆ ದಿಕ್ಕೇ ತಿರುಗುತ್ತದೆ. ಎಸೆಯೋಣ ಬನ್ನಿ!