"ನಿಮ್ಮ ಜನದ ಮೇಲೇ ಏನಾದ್ರೂ ಮಾಡಮ್ಮ"

ಹೋದ ತಿಂಗಳು ಮಳವಳ್ಳಿ ಕಡೆಯ ನಮ್ಮ ಕೇರಿ ಹುಡುಗಿಯೊಬ್ಬಳು ಪಿಎಚ್‌ಡಿ ವಿಷಯ ಬರ್ಕೊಂಡು ಮಾರ್ಗದರ್ಶಕರ ಹತ್ರ ಹೋದಳು. ಅರ್ಥಶಾಸ್ತ್ರ ಓದಿದವಳು. ಕೆಆರ್‌ಎಸ್ ನಾಲೆ ನೀರು, ಕಬ್ಬು, ಕೂಲಿ, ಇವುಗಳ ಲೆಕ್ಕ ತೆಗೀಬೇಕು ಅನ್ನೋ ಆಸೆ. ಅವರು ಎರಡನೇ ಪುಟ ತಿರುಗಿಸಲಿಲ್ಲ. "ನಿಮ್ಮ ಜನದ ಮೇಲೇ ಏನಾದ್ರೂ ಮಾಡಮ್ಮ, ಸುಲಭ ಆಗುತ್ತೆ" ಅಂದ್ರಂತೆ.

ಯಾಕೆ ಸ್ವಾಮಿ? ನಾಲೆ ನಿಮ್ಮದು, ಕೇರಿ ಮಾತ್ರ ನಮ್ಮದಾ?

ಆಸ್ಟ್ರಿಯಾದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಇದೇ ಮಂಡ್ಯ ಸೀಮೆಗೆ ಬಂದು ಎರಡು ಹಳ್ಳಿಗಳಲ್ಲಿ ಕೂತರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದಕ್ಕೆ ಇಲ್ಲ. ಅರ್ಥಶಾಸ್ತ್ರ, ಮಾನವಶಾಸ್ತ್ರ ಎರಡನ್ನೂ ಹೆಗಲಿಗೆ ಹಾಕ್ಕೊಂಡು ಬಂದಿದ್ದಕ್ಕೇ ಅವರಿಗೆ ಒಂದು ಸತ್ಯ ಕಂಡಿತು: ನೀರು ಬಂದ ಹಳ್ಳೀಲಿ ದುಡ್ಡು ಬಂತು, ಆದ್ರೆ ಒಕ್ಕಲು ಮನೆಗೂ ಆದಿಕರ್ನಾಟಕ ಕೂಲಿಯವರಿಗೂ ಇದ್ದ ತಲೆಮಾರಿನ ಕಟ್ಟು ಬಹುಪಾಲು ಹಾಗೇ ಉಳೀತು. ಜಾತಿ ಬಿಟ್ಟು ನಾಲೆ ಓದಕ್ಕಾಗಲ್ಲ, ನಾಲೆ ಬಿಟ್ಟು ಜಾತಿ ಓದಕ್ಕಾಗಲ್ಲ. ದೂರದಿಂದ ಬಂದವರಿಗೆ ಆ ಅನುಮತಿ ಇತ್ತು. ನಾಲೆ ಏರಿ ಮೇಲೆ ಹುಲ್ಲು ಕೊಯ್ದ ಅವ್ವನ ಮಗಳಿಗೆ ಇಲ್ಲ!

ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಗೊತ್ತಲ್ಲ? ಕ್ರಿ.ಶ. 949ರ ಹೊತ್ತಿನದು. ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಕಲ್ಲು ನಿಲ್ಸಿ, ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದ್ದಾರೆ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲೈತೆ. ನಾಯಿ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಪಾಪ ನಿಯತ್ತಿನ ಪ್ರಾಣಿ. ಆದ್ರೆ ಆ ಭೂಮಿ ಉತ್ತವರು ಯಾರು ಅಂತ ಕೇಳೋ ಶಾಸನತಜ್ಞರು ನಮ್ಮ ಕೇರಿಯಿಂದ ಎಷ್ಟು ಜನ ಬಂದ್ರು?

ಮಳವಳ್ಳಿಯ ಬೊಪ್ಪೇಗೌಡನಪುರಕ್ಕೂ ಹೋಗಿ. ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರನ್ನ ಜಾನಪದದವರು ಧ್ವನಿಮುದ್ರಿಸಿಕೊಂಡರು. ಪುಸ್ತಕ ಬಂದವು, ಪದವಿ ಬಂದವು. ಹಾಡಿದವರು 'ವಕ್ತೃ' ಆದ್ರು, ಕೇಳಿದವರು ಡಾಕ್ಟರ್ ಆದ್ರು.

ಕೇರಿ ಬಗ್ಗೆ ಸಂಶೋಧನೆ ಬೇಡ ಅಂತಿಲ್ಲ ನಾನು. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಮಾಡಿದ್ರು, ಹೆಮ್ಮೆ ಐತೆ. ಆದ್ರೆ ಅದು ನಾವೇ ಆರಿಸ್ಕೊಂಡದ್ದಾಗಿರಬೇಕು, ಊರ ಹೊರಗೆ ತೋರಿಸಿದ ಜಾಗ ಆಗಬಾರದು. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿ. 1916ರಲ್ಲಿ ಜಾತಿ ಪ್ರಬಂಧ ಓದಿದ್ದು ಮಾನವಶಾಸ್ತ್ರದ ಸೆಮಿನಾರಿನಲ್ಲಿ. 1923ರಲ್ಲಿ ರೂಪಾಯಿ ಸಮಸ್ಯೆ ಬಗ್ಗೆ ಪುಸ್ತಕ ತಂದರು. ಆಮೇಲೆ ಕಾನೂನು, ಇತಿಹಾಸ, ಬೌದ್ಧಧಮ್ಮ. "ನಿಮ್ಮ ಜನದ ಮೇಲೇ ಮಾಡಪ್ಪ" ಅಂದಿದ್ರೆ ಕೇಳ್ತಿದ್ರಾ?

ಹುಡುಗಿ ಅದೇ ವಿಷಯ ತಿದ್ದಿ ಮತ್ತೆ ಕೊಡ್ತಾಳೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಯಾರ ಮನೇಲಾದ್ರೂ ಅಜ್ಜ ಅಜ್ಜಿ ಕಾಲದ ನಾಲಾ ಕೂಲಿ ಚೀಟಿ, ಕಬ್ಬಿನ ಲೆಕ್ಕ, ಜೀತದ ಸಾಲಪತ್ರ ಟ್ರಂಕಿನಲ್ಲಿದ್ರೆ ಒಲೆಗೆ ಹಾಕ್ಬೇಡಿ. ನನಗೆ ತಿಳಿಸಿ, ನಾನೇ ಬಂದು ಫೋಟೋ ತಗೊಂಡು ಅವಳಿಗೆ ಕೊಡ್ತೀನಿ.

ಜೈಭೀಮ್.